ಫ್ರಾನ್ಸ್‌ನ ಹಳ್ಳಿಯೊಂದರಲ್ಲಿ ಗೆಳೆಯರೊಡನೆ ಒಂದು ವಾರ: ಹಳ್ಳಿಯಲ್ಲೇ ಉಳಿಯಬೇಕೇ, ಪೇಟೆಯಲ್ಲಿದ್ದು ನೋಡಿಬರಬೇಕೇ?

ಎಡದಂಡೆ, ಗಂಗಾವತಿ

ಎಲ್ಲರಿಗೂ ನಮಸ್ಕಾರ. ನಾವು ಗಂಗಾವತಿಯ ನಾಲ್ವರು ಗೆಳೆಯರು, ಒಂದೇ ಕಾಲೇಜಿನಲ್ಲಿ ಪಾಠ ಹೇಳಿ ಹೆಚ್ಚುಕಡಿಮೆ ಒಟ್ಟಿಗೇ ನಿವೃತ್ತರಾದವರು. ಮುಂದಿನ ವರ್ಷ ಫ್ರಾನ್ಸ್ ದೇಶಕ್ಕೆ ಹೋಗಿಬರಬೇಕೆಂದು ನಿಶ್ಚಯಿಸಿದ್ದೇವೆ. ಪ್ಯಾರಿಸ್ಸಿಗೆ ಒಂದೆರಡು ದಿನ ಕೊಟ್ಟು, ಉಳಿದ ಒಂದು ವಾರವನ್ನು ನೋಡಲು ಚೆಂದವಿರುವ ಯಾವುದಾದರೂ ಹಳೆಯ ಹಳ್ಳಿಯಲ್ಲಿ ನಿಧಾನವಾಗಿ ಕಳೆಯಬೇಕೆಂಬುದು ನಮ್ಮ ಆಸೆ. ಪ್ರವಾಸ ಏರ್ಪಡಿಸುವವರೊಬ್ಬರನ್ನು ವಿಚಾರಿಸಿದಾಗ ದಿನಕ್ಕೆರಡು ಊರಿನಂತೆ ಪಟ್ಟಿ ಮಾಡಿಕೊಟ್ಟರು, ಪ್ರತಿ ಊರಿಗೂ ಎರಡು ತಾಸು. ಬೆಳಿಗ್ಗೆ ಬಸ್ಸಿನಿಂದ ಇಳಿದು, ವಿರೂಪಾಕ್ಷನ ಗುಡಿಯನ್ನೂ ಕಲ್ಲಿನ ರಥವನ್ನೂ ನೋಡಿ, ಮಧ್ಯಾಹ್ನದ ಊಟಕ್ಕೆ ಮೊದಲೇ ಹಂಪಿಯನ್ನು ಮುಗಿಸಿಬಿಡುವವರನ್ನು ಹೊಳೆಯ ಈಚೆ ದಡದಿಂದ ಜೀವನವಿಡೀ ನೋಡಿದ ನಮಗೆ, ಅದೇ ಕೆಲಸವನ್ನು ಅಷ್ಟು ಹಣ ಕೊಟ್ಟು ಅಷ್ಟು ದೂರ ಹೋಗಿ ಮಾಡುವ ಮನಸ್ಸಿಲ್ಲ.

ತೊಡಕು ಇರುವುದು ನಮ್ಮ ನಮ್ಮಲ್ಲೇ. ಒಬ್ಬರಿಗೆ ಪ್ರೊವಾನ್ಸ್ ಪ್ರಾಂತ್ಯದ ಗೋರ್ದ್ ಮತ್ತು ಲ್ಯಾವೆಂಡರ್ ಹೊಲಗಳು ಬೇಕು, ಇನ್ನೊಬ್ಬರಿಗೆ ಬಂಡೆಗೆ ಅಂಟಿಕೊಂಡಂತಿರುವ ರೊಕಮದೂರ್ ಬೇಕು, ನನ್ನ ಮನಸ್ಸು ಲಾಟ್ ನದಿಯ ಮೇಲಿನ ಸ್ಯಾಂ-ಸೀರ್-ಲಪೊಪಿಯ ಮೇಲಿದೆ. ನಾಲ್ಕನೆಯವರಿಗೆ ಮಂಡಿನೋವಿರುವುದರಿಂದ ಮೆಟ್ಟಿಲು ಕಡಿಮೆಯಿರುವ ಊರು ಯಾವುದಾದರೂ ಆದೀತು. ನಾವು ಯಾರೂ ಮಾಂಸ ತಿನ್ನುವುದಿಲ್ಲ. ಇಬ್ಬರಿಗೆ ಮೊಟ್ಟೆ ನಡೆಯುತ್ತದೆ. ಒಬ್ಬರು ಮಾತ್ರ ಕಾರು ಓಡಿಸುತ್ತಾರೆ. ಡಿಸೆಂಬರಿನಲ್ಲಿ ವಿಮಾನದ ದರ ಕಡಿಮೆಯಿದ್ದರೆ ಆಗ ಹೋಗಬಹುದೇ, ಇಲ್ಲವೇ ಇಲ್ಲಿನ ಬಿಸಿಲು ತಪ್ಪಿಸಿಕೊಂಡಂತೆಯೂ ಆಗಲೆಂದು ಮೇ ತಿಂಗಳಲ್ಲೇ ಹೊರಡಬೇಕೇ? ಹಳ್ಳಿಯೊಳಗೇ ಮನೆ ಹಿಡಿಯುವುದು ಸರಿಯೇ? ಹೋಗಿಬಂದವರು ದಯವಿಟ್ಟು ತಿಳಿಸಬೇಕು.

ಕೋಟೆಗುಡ್ಡ, ಬಳ್ಳಾರಿ

ನಮಸ್ಕಾರ ಸರ್. ಕೆಲಸದ ಮೇಲೆ ತುಲೂಸ್ ನಗರದಲ್ಲಿ ಕೆಲವು ವರ್ಷ ಇದ್ದವನು ನಾನು. ಬಳ್ಳಾರಿಯಿಂದ ಯಾರೇ ಗೆಳೆಯರು ಬಂದರೂ ಅವರನ್ನು ಸ್ಯಾಂ-ಸೀರ್-ಲಪೊಪಿಗೆ ಕರೆದೊಯ್ಯುವುದು ನನಗೆ ರೂಢಿಯಾಗಿತ್ತು. ಆದ್ದರಿಂದ ನನ್ನ ಮಾತು ಸ್ವಲ್ಪ ಆ ಕಡೆಗೇ ವಾಲಿದರೆ ಸಹಿಸಿಕೊಳ್ಳಿ.

ಮೊದಲು ಲ್ಯಾವೆಂಡರ್ ವಿಷಯ ಮುಗಿಸಿಬಿಡುತ್ತೇನೆ. ಆ ಹೂವು ತುಂಬಿ ನಿಲ್ಲುವುದು ಜೂನ್ ಕೊನೆಯಿಂದ ಜುಲೈ ನಡುವಿನವರೆಗೆ. ಮೇ ತಿಂಗಳಲ್ಲಿ ಹೋದರೆ ಹಸಿರು ಪೊದೆಗಳ ಸಾಲು ಮಾತ್ರ ಕಾಣುತ್ತದೆ. ಅಲ್ಲದೆ ಗೋರ್ದ್‌ಗೂ ಲಾಟ್ ಕಣಿವೆಗೂ ನಡುವೆ 400 ಕಿಲೋಮೀಟರಿಗಿಂತ ಹೆಚ್ಚು ದೂರವಿರುವುದರಿಂದ ಒಂದೇ ವಾರದಲ್ಲಿ ಎರಡನ್ನೂ ಸೇರಿಸಿದರೆ ನೀವು ಬೇಡವೆಂದ ಆ ಬಸ್ ಪ್ರವಾಸವೇ ಮರಳಿ ಬಂದಂತಾಗುತ್ತದೆ. ರೊಕಮದೂರ್ ಹಾಗಲ್ಲ. ಸ್ಯಾಂ-ಸೀರ್‌ನಿಂದ ಕಾರಿನಲ್ಲಿ ಒಂದು ತಾಸಿಗಿಂತ ತುಸು ಹೆಚ್ಚು ಹೊತ್ತಿನ ದಾರಿ, ಬೆಳಿಗ್ಗೆ ಹೋಗಿ ಸಂಜೆಗೆ ಮರಳಬಹುದು. ಅಲ್ಲಿ ಕಪ್ಪು ಬಣ್ಣದ ಮೇರಿಮಾತೆಯ ವಿಗ್ರಹವಿರುವ ಗುಡಿಗೆ 216 ಮೆಟ್ಟಿಲುಗಳಿವೆ. ಹಿಂದೆ ಹರಕೆ ಹೊತ್ತವರು ಅವನ್ನು ಮೊಣಕಾಲೂರಿ ಹತ್ತುತ್ತಿದ್ದರು. ಅಂಜನಾದ್ರಿಯ 575 ಮೆಟ್ಟಿಲು ಹತ್ತಿ ರೂಢಿಯಿರುವ ನಿಮ್ಮೂರಿನವರಿಗೆ ಅದು ದೊಡ್ಡದಲ್ಲ, ಮಂಡಿನೋವಿನ ಸ್ನೇಹಿತರಿಗೆ ಹಣ ಕೊಟ್ಟರೆ ಲಿಫ್ಟ್ ಇದೆ.

ಇನ್ನು ಸ್ಯಾಂ-ಸೀರ್-ಲಪೊಪಿ. ನದಿಯಿಂದ ಸುಮಾರು 100 ಮೀಟರ್ ಎತ್ತರದ ಸುಣ್ಣಕಲ್ಲಿನ ಕಡಿದಾದ ಬಂಡೆಯ ಅಂಚಿನಲ್ಲಿ ಕುಳಿತ ಊರು. ಚೂಪಾದ ಇಳಿಜಾರಿನ ಹಂಚಿನ ಮಾಡುಗಳು, ಒಂದರ ಮಾಡಿನ ಮೇಲೆ ಇನ್ನೊಂದರ ಕಿಟಕಿ ತೆರೆಯುವಷ್ಟು ಕಡಿದಾದ ಓಣಿಗಳು. ಬಾಕ್ಸ್ ಎಂಬ ಗಟ್ಟಿ ಮರವನ್ನು ಚರಕಿ ಹಿಡಿದು ದ್ರಾಕ್ಷಾರಸದ ಪೀಪಾಯಿಗಳಿಗೆ ನಲ್ಲಿ ಮಾಡುತ್ತಿದ್ದವರು ಈ ಓಣಿಗಳಲ್ಲಿ ಬದುಕುತ್ತಿದ್ದರು. ಕೆಳಗಿನ ನದಿಯಲ್ಲಿ ಕಾಓರ್ ಸೀಮೆಯ ದ್ರಾಕ್ಷಾರಸ ದೋಣಿಯೇರಿ ಬೋರ್ಡೊ ಬಂದರಿಗೆ ಹೋಗುತ್ತಿತ್ತು. ದೋಣಿಗಳನ್ನು ಪ್ರವಾಹದ ಎದುರು ಹಗ್ಗ ಹಾಕಿ ಎಳೆಯಲೆಂದು 19ನೇ ಶತಮಾನದಲ್ಲಿ ಬಂಡೆಯ ಹೊಟ್ಟೆಯನ್ನೇ ಕೊರೆದು ಮಾಡಿದ ದಾರಿ ಬೂಜಿಯೆಸ್ ಎಂಬ ಊರಿನ ಬಳಿ ಇಂದಿಗೂ ಇದೆ. ಒಂದು ಕೈಯಳತೆಯಲ್ಲಿ ನೀರು, ತಲೆಯ ಮೇಲೆ ಚಾಚಿಕೊಂಡ ಕಲ್ಲು. ಎತ್ತರದವರು ಕೆಲವು ಕಡೆ ತಲೆ ತಗ್ಗಿಸಿಯೇ ನಡೆಯಬೇಕು. ಅಲ್ಲಿಂದ ಸ್ಯಾಂ-ಸೀರ್‌ಗೆ ಸುಮಾರು ಒಂದೂವರೆ ತಾಸಿನ ನಡಿಗೆ, ಕೊನೆಯ ಏರು ಬಿಟ್ಟರೆ ಉಳಿದುದೆಲ್ಲ ಸಮತಟ್ಟು. ನಾನು ಆ ಇಡೀ ಪ್ರದೇಶದಲ್ಲಿ ಒಂದನ್ನೇ ಆರಿಸಬೇಕೆಂದರೆ ಊರಿಗಿಂತ ಮೊದಲು ಈ ದಾರಿಯನ್ನು ಆರಿಸುತ್ತೇನೆ.

ಹಳ್ಳಿಯೊಳಗೇ ಉಳಿಯಬೇಕೇ ಎಂಬ ಪ್ರಶ್ನೆಗೆ ನನ್ನ ಉತ್ತರ ಹೌದು. ಊರಿನಲ್ಲಿ ವರ್ಷವಿಡೀ ನೆಲೆಸಿದವರು ಇನ್ನೂರರ ಆಸುಪಾಸಿನ ಜನ. ಬರುವ ಪ್ರವಾಸಿಗರು ಲಕ್ಷಾಂತರ. 2012ರಲ್ಲಿ ಫ್ರೆಂಚ್ ದೂರದರ್ಶನದ ವೀಕ್ಷಕರು ಇದನ್ನು ದೇಶದ ಮೆಚ್ಚಿನ ಹಳ್ಳಿಯೆಂದು ಆರಿಸಿದ ಮೇಲಂತೂ ಬೇಸಿಗೆಯಲ್ಲಿ ಬೆಳಿಗ್ಗೆ ಹನ್ನೊಂದರಿಂದ ಸಂಜೆ ಐದರವರೆಗೆ ಮುಖ್ಯ ಓಣಿಯಲ್ಲಿ ನಡೆಯುವುದೇ ಕಷ್ಟ. ಆರರ ಹೊತ್ತಿಗೆ ಬಸ್ಸುಗಳು ಹೊರಟುಹೋಗುತ್ತವೆ. ಮೇ ತಿಂಗಳ ನಡುವಿನಲ್ಲಿ ಅಲ್ಲಿ ಸೂರ್ಯ ಮುಳುಗುವುದು ರಾತ್ರಿ ಒಂಬತ್ತರ ನಂತರ ಎಂಬುದನ್ನು ನೆನಪಿಡಿ. ಅಂದರೆ ಊರಲ್ಲೇ ಉಳಿದವರಿಗೆ ಜನಜಂಗುಳಿಯಿಲ್ಲದ ಮೂರು ತಾಸಿನ ಬೆಳಕು ಪ್ರತಿದಿನವೂ ದಕ್ಕುತ್ತದೆ. ಸರ್ರಿಯಲಿಸ್ಟ್ ಕವಿ ಆಂದ್ರೆ ಬ್ರೆತೋಂ 1951ರಲ್ಲಿ ಇಲ್ಲಿ ಮನೆ ಕೊಂಡು ಸಾಯುವವರೆಗೂ ಬೇಸಿಗೆಗಳನ್ನು ಇಲ್ಲೇ ಕಳೆದದ್ದು ಸುಮ್ಮನೆ ಅಲ್ಲ.

ಡಿಸೆಂಬರ್ ಬೇಡವೇ ಬೇಡ. ಚಳಿಗಾಲದಲ್ಲಿ ಅಲ್ಲಿನ ಹೋಟೆಲು, ಅಂಗಡಿಗಳು ಬಹುಪಾಲು ಬಾಗಿಲು ಹಾಕಿರುತ್ತವೆ. ಮೇ, ಜೂನ್ ಇಲ್ಲವೇ ಸೆಪ್ಟೆಂಬರ್ ಒಳ್ಳೆಯದು. ಮೇ 1 ಮತ್ತು 8 ಸರ್ಕಾರಿ ರಜೆಗಳು, ಆ ವಾರಾಂತ್ಯಗಳಲ್ಲಿ ಫ್ರೆಂಚರೇ ಮನೆಗಳನ್ನೆಲ್ಲ ಹಿಡಿದುಬಿಟ್ಟಿರುತ್ತಾರೆ.

ಮಾವಿನಕೆರೆ, ರಾಯಚೂರು

ಬಳ್ಳಾರಿಯ ಸಹೋದರರು ಬರೆದ ವರ್ಣನೆ ಸುಳ್ಳಲ್ಲ, ಆದರೆ ಅದು ಗಟ್ಟಿ ಮೊಣಕಾಲಿನವರ ವರ್ಣನೆ ಎಂದು ಹೇಳದೆ ವಿಧಿಯಿಲ್ಲ. ನಾವು ಗೆಳತಿಯರು ಸೇರಿ ಅದೇ ಸೀಮೆಗೆ ಹೋಗಿದ್ದೆವು, ಎಲ್ಲರೂ ಅರವತ್ತರ ಮೇಲಿನವರು. ಸ್ಯಾಂ-ಸೀರ್‌ನ ಓಣಿಗಳಿಗೆ ಹೊರಗಿನವರ ಕಾರು ಬಿಡುವುದಿಲ್ಲ. ಊರಿನ ಹೊರಗೆ ಹಣ ಕೊಟ್ಟು ಗಾಡಿ ನಿಲ್ಲಿಸಿ, ಉರುಟು ಕಲ್ಲು ಹಾಸಿದ ಇಳಿಜಾರಿನಲ್ಲಿ ಪೆಟ್ಟಿಗೆ ಎಳೆದುಕೊಂಡು ಹೋಗಬೇಕು. ಮಳೆ ಬಿದ್ದರೆ ಆ ಕಲ್ಲು ಜಾರುತ್ತದೆ, ಪೆಟ್ಟಿಗೆಯ ಚಕ್ರ ಸಂದಿನಲ್ಲಿ ಸಿಕ್ಕಿಕೊಳ್ಳುತ್ತದೆ. ಹಳೆಯ ಮನೆಗಳಲ್ಲಿ ಮಲಗುವ ಕೋಣೆ ಮಹಡಿಯ ಮೇಲಿರುವುದೇ ಹೆಚ್ಚು, ಮೆಟ್ಟಿಲುಗಳು ಇಕ್ಕಟ್ಟು. ರಾತ್ರಿ ಎದ್ದು ಓಡಾಡುವ ವಯಸ್ಸಿನವರು ಇದನ್ನು ಮೊದಲೇ ಯೋಚಿಸಬೇಕು.

ನನ್ನ ಸಲಹೆ ಕಾಓರ್ ಪೇಟೆಯಲ್ಲಿ ಉಳಿಯುವುದು. ಪ್ಯಾರಿಸ್ಸಿನ ಆಸ್ಟರ್ಲಿಟ್ಜ್ ನಿಲ್ದಾಣದಿಂದ ಅಲ್ಲಿಗೆ ಗಾಡಿ ಬದಲಿಸದೆ ಐದೈದೂವರೆ ತಾಸಿನಲ್ಲಿ ಹೋಗುವ ರೈಲುಗಳಿವೆ. ಲಾಟ್ ನದಿ ಮೂರು ಕಡೆ ಸುತ್ತುವರಿದ ಪೇಟೆ ಅದು; ಮೂರು ಗೋಪುರಗಳ ವಾಲಾಂತ್ರೆ ಸೇತುವೆ 14ನೇ ಶತಮಾನದ್ದು. ಬುಧವಾರ ಮತ್ತು ಶನಿವಾರ ಬೆಳಿಗ್ಗೆ ದೊಡ್ಡ ಚರ್ಚಿನ ಮುಂದಿನ ಬಯಲಿನಲ್ಲಿ ಸಂತೆ ಸೇರುತ್ತದೆ. ಅಕ್ರೋಟು, ಕೇಸರಿ, ಮೇಕೆ ಹಾಲಿನ ಪುಟ್ಟ ಬಿಲ್ಲೆಯಂಥ ಚೀಸ್, ಮಣ್ಣು ಹತ್ತಿದ ಮೂಲಂಗಿ, ಎಲ್ಲವನ್ನೂ ಬೆಳೆದವರೇ ತಂದು ಮಾರುತ್ತಾರೆ. ಒಂದು ಊರಿನ ಜನ ಹೇಗೆ ಬದುಕುತ್ತಾರೆಂದು ನೋಡಬೇಕಾದರೆ, ಪ್ರವಾಸಿಗರಿಗಾಗಿಯೇ ಬಾಗಿಲು ತೆರೆಯುವ ಹಳ್ಳಿಗಿಂತ ಈ ಸಂತೆಯೇ ಮೇಲು ಎಂಬುದು ನನ್ನ ಅಭಿಪ್ರಾಯ. ನೋಡಲು ಚೆಂದವಿರುವ ಹಳ್ಳಿಗಳದ್ದೇ ಒಂದು ಸಂಘ ಫ್ರಾನ್ಸ್‌ನಲ್ಲಿದೆ. ಕೆಂಪು ಮರಳುಗಲ್ಲಿನ ಕೊಲೊಂಜ್-ಲಾ-ರೂಜ್ ಊರಿನ ಮೇಯರ್ ಶಾರ್ಲ್ ಸೆರಾಕ್ 1982ರಲ್ಲಿ ಆರಂಭಿಸಿದ್ದು. 2000ಕ್ಕಿಂತ ಹೆಚ್ಚು ಜನ ಇರಕೂಡದು, ಕನಿಷ್ಠ ಎರಡು ಸಂರಕ್ಷಿತ ಸ್ಮಾರಕ ಅಥವಾ ತಾಣಗಳಿರಬೇಕು ಎಂಬುದು ನಿಯಮ. ಬರಿದಾಗುತ್ತಿದ್ದ ಹಳ್ಳಿಗಳನ್ನು ಉಳಿಸಲೆಂದು ಕೊಟ್ಟ ಈ ಪಟ್ಟವೇ ಈಗ ಕೆಲವು ಊರುಗಳಲ್ಲಿ ಬ್ರೆಡ್ ಅಂಗಡಿಗಿಂತ ಸೋಪು ಮತ್ತು ಉಡುಗೊರೆ ಅಂಗಡಿಗಳನ್ನು ಹೆಚ್ಚಿಸಿದೆ.

ಕಾಓರ್‌ನಿಂದ ಫಿಜಾಕ್‌ಗೆ ಕಣಿವೆಯುದ್ದಕ್ಕೂ ಬಸ್ಸಿದೆ, ಸ್ಯಾಂ-ಸೀರ್‌ನ ಕೆಳಗಿರುವ ಟೂರ್-ದ-ಫೋರ್‌ನಲ್ಲಿ ನಿಲ್ಲುತ್ತದೆ. ದಿನಕ್ಕೆ ಕೆಲವೇ ಬಸ್ಸುಗಳಾದ್ದರಿಂದ ವೇಳೆ ನೋಡಿಕೊಂಡೇ ಹೊರಡಬೇಕು. ಸಾಧ್ಯವಾದರೆ ಫಿಜಾಕ್‌ವರೆಗೂ ಹೋಗಿ. ಈಜಿಪ್ಟಿನ ಚಿತ್ರಲಿಪಿಯನ್ನು 1822ರಲ್ಲಿ ಓದಿದ ಶಾಂಪೋಲಿಯೋಂ ಹುಟ್ಟಿದ ಊರು ಅದು. ಆ ಲಿಪಿಯನ್ನು ಓದಲು ನೆರವಾದ ರೊಸೆಟ್ಟಾ ಶಾಸನದ ದೊಡ್ಡ ಪ್ರತಿಯೊಂದನ್ನು ಕಪ್ಪು ಕಲ್ಲಿನಲ್ಲಿ ಕೆತ್ತಿ ಒಂದು ಅಂಗಳದ ನೆಲಕ್ಕೇ ಹಾಸಿದ್ದಾರೆ, ಅಕ್ಷರಗಳ ಮೇಲೆ ನಡೆದಾಡಬಹುದು. ಅಶೋಕನ ಹೆಸರನ್ನೇ ಹೇಳುವ ಮಸ್ಕಿಯ ಶಾಸನ 1915ರಲ್ಲಿ ನಮ್ಮ ಜಿಲ್ಲೆಯಲ್ಲಿ ಸಿಕ್ಕಿತಲ್ಲ, ಅದರ ಮೇಲಿನ ಅಭಿಮಾನದಿಂದಲೋ ಏನೋ, ನಾನು ಅಲ್ಲಿಂದ ಹೊರಡಲು ಒಪ್ಪದೆ ಗೆಳತಿಯರಿಂದ ಬೈಸಿಕೊಂಡೆ.

ಭತ್ತದ ಸೀಮೆ, ಸಿಂಧನೂರು

ಉಳಿಯುವ ಜಾಗದ ಬಗ್ಗೆ ಇಬ್ಬರೂ ಹೇಳಿದ್ದಾರೆ, ನಾನು ಕಾರಿನ ವಿಷಯ ಮಾತ್ರ ಹೇಳುತ್ತೇನೆ. ಕಾರಿಲ್ಲದೆ ಆ ಕಣಿವೆಯಲ್ಲಿ ಒಂದು ವಾರ ಎಂದರೆ ಬಸ್ಸಿನ ಹಾದಿ ಕಾಯುವುದೇ ಕೆಲಸವಾಗುತ್ತದೆ. ನಮ್ಮ ಲೈಸೆನ್ಸಿನ ಜೊತೆಗೆ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಬೇಕು. ನಿಮ್ಮ ಪ್ರಾದೇಶಿಕ ಸಾರಿಗೆ ಕಚೇರಿಯಲ್ಲಿ ನಮೂನೆ 4ಎ ತುಂಬಿ, ಪಾಸ್‌ಪೋರ್ಟ್ ಪ್ರತಿಯೊಡನೆ 1000 ರೂಪಾಯಿ ಶುಲ್ಕ ಕಟ್ಟಿದರೆ ಒಂದು ವರ್ಷದ ಅವಧಿಗೆ ಕೊಡುತ್ತಾರೆ. ಮೂಲ ಲೈಸೆನ್ಸ್ ಮನೆಯಲ್ಲಿಟ್ಟು ಹೋಗಬೇಡಿ, ಎರಡನ್ನೂ ಒಟ್ಟಿಗೆ ತೋರಿಸಬೇಕು. ಕಾರು ಬಾಡಿಗೆ ಕೊಡುವವರು ಠೇವಣಿಗಾಗಿ ಕ್ರೆಡಿಟ್ ಕಾರ್ಡ್ ಕೇಳುತ್ತಾರೆ, ಅದು ಕಾರು ಓಡಿಸುವವರ ಹೆಸರಿನಲ್ಲೇ ಇರಬೇಕೆನ್ನುತ್ತಾರೆ. ಅಲ್ಲಿ ಗೇರಿನ ಕಾರುಗಳೇ ಅಗ್ಗ. ಆದರೆ ರಸ್ತೆಯ ಬಲಬದಿಯಲ್ಲಿ ಓಡಿಸುತ್ತ, ಎಡಗಡೆ ಕುಳಿತು, ಬಲಗೈಯಿಂದ ಗೇರು ಬದಲಿಸುವುದನ್ನು ಆ ಇಕ್ಕಟ್ಟು ರಸ್ತೆಯಲ್ಲಿ ಕಲಿಯುವುದಕ್ಕಿಂತ ನಾಲ್ಕು ಕಾಸು ಹೆಚ್ಚು ಕೊಟ್ಟು ಆಟೊಮ್ಯಾಟಿಕ್ ಕಾರನ್ನು ಬೇಗನೆ ಕಾದಿರಿಸುವುದು ಲೇಸು.

ಹಳ್ಳಿಗಾಡಿನ ದ್ವಿಮುಖ ರಸ್ತೆಗಳಲ್ಲಿ ವೇಗದ ಮಿತಿ ಸಾಮಾನ್ಯವಾಗಿ 80 ಕಿಲೋಮೀಟರ್, ಊರೊಳಗೆ 50. ಊರಿನ ಹೆಸರಿರುವ ಫಲಕ ದಾಟಿದೊಡನೆ ಊರೊಳಗೆ ಬಂದಿರೆಂದೇ ಲೆಕ್ಕ, ಬೇರೆ ಫಲಕವೇನೂ ಇರುವುದಿಲ್ಲ. ವೃತ್ತದಲ್ಲಿ ಆಗಲೇ ಸುತ್ತುತ್ತಿರುವವರಿಗೆ ದಾರಿ ಬಿಟ್ಟು ಬಲಕ್ಕೆ ತಿರುಗಿ ಒಳಸೇರಬೇಕು. ನಮ್ಮವರು ಎಡವುವುದು ಇನ್ನೊಂದರಲ್ಲಿ: ಫಲಕವೇ ಇಲ್ಲದ ಕೂಡುರಸ್ತೆಯಲ್ಲಿ ನಿಮ್ಮ ಬಲಗಡೆಯಿಂದ ಬರುವ ಗಾಡಿಗೆ ಮೊದಲ ಹಕ್ಕು, ಅವರ ರಸ್ತೆ ಎಷ್ಟೇ ಸಣ್ಣದಿದ್ದರೂ. ಟ್ರ್ಯಾಕ್ಟರಿನವನು ನಿಮ್ಮತ್ತ ನೋಡದೆ ಬಂದುಬಿಟ್ಟರೆ ತಪ್ಪು ಅವನದಲ್ಲ. ಭಾನುವಾರ ಹಳ್ಳಿಯ ಪೆಟ್ರೋಲ್ ಬಂಕುಗಳಲ್ಲಿ ಆಳಿರುವುದಿಲ್ಲ, ಯಂತ್ರಕ್ಕೆ ಕಾರ್ಡ್ ಹಾಕಬೇಕು, ಅದು ನಮ್ಮ ಕಾರ್ಡನ್ನು ಕೆಲವೊಮ್ಮೆ ಒಪ್ಪುವುದಿಲ್ಲ. ಶನಿವಾರವೇ ಪೇಟೆಯಲ್ಲಿ ಟ್ಯಾಂಕ್ ತುಂಬಿಸಿಕೊಳ್ಳಿ.

ಎಡದಂಡೆ, ಗಂಗಾವತಿ

ಮೂವರಿಗೂ ಧನ್ಯವಾದಗಳು. ನಿನ್ನೆ ಸಂಜೆ ನಾಲ್ವರೂ ಕುಳಿತು ಇವನ್ನೆಲ್ಲ ಓದಿದೆವು. ಲ್ಯಾವೆಂಡರ್ ಕೇಳಿದ್ದವರು ಬೇಸರದಿಂದಲೇ ಒಪ್ಪಿಕೊಂಡರು. ಮೇ ಕೊನೆಯ ಭಾಗ ಎಂದೂ ನಿರ್ಧಾರವಾಯಿತು. ಆದರೆ ಹಳ್ಳಿಯೋ ಪೇಟೆಯೋ ಎಂಬುದು ಬಗೆಹರಿಯಲಿಲ್ಲ. ಬಂಡೆಯ ಮೇಲೂ ಅಲ್ಲದೆ ಪೇಟೆಯಲ್ಲೂ ಅಲ್ಲದೆ, ಕೆಳಗೆ ನದಿಯ ಪಕ್ಕದ ಸಣ್ಣ ಊರಿನಲ್ಲಿ ನೆಲದಂತಸ್ತಿನ ಮನೆ ಸಿಕ್ಕೀತೇ? ಊಟದ ವಿಷಯವನ್ನು ರಾಯಚೂರಿನ ಅಕ್ಕಾವರು ಇನ್ನಷ್ಟು ಬಿಡಿಸಿ ಹೇಳಿದರೆ ಉಪಕಾರವಾಗುತ್ತದೆ.

ಕೋಟೆಗುಡ್ಡ, ಬಳ್ಳಾರಿ

ಸಿಗುತ್ತದೆ ಸರ್, ನಿಮ್ಮ ನಾಲ್ವರಿಗೆ ಅದೇ ಸರಿಹೋಗುತ್ತದೆ ಎಂದು ನನಗೂ ಈಗ ಅನ್ನಿಸುತ್ತಿದೆ. ಬೂಜಿಯೆಸ್ ಅಥವಾ ಟೂರ್-ದ-ಫೋರ್‌ನಲ್ಲಿ ಅಡುಗೆಮನೆಯಿರುವ ಬಾಡಿಗೆ ಮನೆ ಹುಡುಕಿ. ಇವನ್ನು ಅಲ್ಲಿ ಜೀಟ್ ಎನ್ನುತ್ತಾರೆ, ಬೇಸಿಗೆಯಲ್ಲಿ ಬಹುತೇಕ ಶನಿವಾರದಿಂದ ಶನಿವಾರಕ್ಕೆ ಇಡೀ ವಾರಕ್ಕೇ ಕೊಡುತ್ತಾರೆ. ಆದ್ದರಿಂದ ಪ್ಯಾರಿಸ್ಸಿನ ದಿನಗಳನ್ನು ಈ ಶನಿವಾರಕ್ಕೆ ಹೊಂದಿಸಿಕೊಂಡೇ ವಿಮಾನದ ಟಿಕೆಟ್ ಮಾಡಿಸಬೇಕು. ಹಾಸಿಗೆ ಬಟ್ಟೆ, ಟವೆಲು, ಕೊನೆಯ ದಿನದ ಸ್ವಚ್ಛತೆ ಬಾಡಿಗೆಯೊಳಗೆ ಸೇರಿವೆಯೇ ಎಂದು ಮೊದಲೇ ಕೇಳಿ. ಬೆಳಿಗ್ಗೆ ಒಂಬತ್ತಕ್ಕೆ ಮೊದಲು ಒಮ್ಮೆ, ಸಂಜೆ ಆರರ ನಂತರ ಒಮ್ಮೆ ಕಾರಿನಲ್ಲಿ ಮೇಲೆ ಹೋಗಿಬನ್ನಿ.

ಮಧ್ಯಾಹ್ನದ ಹೊತ್ತಿಗೆ ಕಾಬ್ರೆರೆ ಊರಿನ ಪೆಶ್ ಮೆರ್ಲ್ ಗವಿಯನ್ನು ಇಟ್ಟುಕೊಳ್ಳಿ, ಕಾರಿನಲ್ಲಿ ಹತ್ತಿರವೇ. 1922ರಲ್ಲಿ ಇಬ್ಬರು ಹುಡುಗರು ತೆವಳಿಕೊಂಡು ಹೋಗಿ ಕಂಡುಹಿಡಿದ ಗವಿ ಅದು. ಮೈತುಂಬ ಕಪ್ಪು ಚುಕ್ಕೆಗಳಿರುವ ಎರಡು ಕುದುರೆಗಳ ಚಿತ್ರವಿದೆ. ಬಲಗಡೆಯ ಕುದುರೆಯ ತಲೆಯನ್ನು, ಬಂಡೆಯ ಅಂಚೇ ತಲೆಯ ಆಕಾರದಲ್ಲಿರುವ ಜಾಗ ನೋಡಿ ಬರೆದಿದ್ದಾರೆ. ಸುತ್ತಲೂ ಅಂಗೈಯಿಟ್ಟು ಬಣ್ಣ ಊದಿದ ಗುರುತುಗಳು. ಇಪ್ಪತ್ತೈದು ಸಾವಿರ ವರ್ಷಕ್ಕೂ ಹಳೆಯ, ನಕಲಲ್ಲದ ಮೂಲ ಚಿತ್ರಗಳು. ದಿನಕ್ಕೆ 700 ಜನರನ್ನಷ್ಟೇ ಬಿಡುವುದರಿಂದ ಇಲ್ಲಿಂದಲೇ ಕಾದಿರಿಸಿ. ಒಳಗೆ ತಂಪು, ಸ್ವೆಟರ್ ಇರಲಿ.

ಮಾವಿನಕೆರೆ, ರಾಯಚೂರು

ಊಟದ ಮಾತು. ಆ ಸೀಮೆ ಬಾತುಕೋಳಿಯ ಸೀಮೆ. ಸಲಾಡ್ ಎಂದು ತರಿಸಿದರೆ ಮೇಲೆ ಬಾತುಕೋಳಿಯ ತುಣುಕುಗಳಿರುತ್ತವೆ, ಆಲೂಗಡ್ಡೆಯನ್ನೂ ಎಷ್ಟೋ ಕಡೆ ಬಾತಿನ ಕೊಬ್ಬಿನಲ್ಲೇ ಹುರಿಯುತ್ತಾರೆ, ತರಕಾರಿ ಸೂಪಿಗೆ ಮಾಂಸದ ಸಾರು ಹಾಕಿರಬಹುದು. ಅವರು ಮೋಸ ಮಾಡುವುದಿಲ್ಲ, ಕೇಳಿದರೆ ಸ್ಪಷ್ಟವಾಗಿ ಹೇಳುತ್ತಾರೆ. ಕೊಬ್ಬನ್ನು ಅವರು ಮಾಂಸವೆಂದು ಎಣಿಸದಿರುವುದರಿಂದ ಅದನ್ನು ಹೆಸರು ಹಿಡಿದೇ ಕೇಳಬೇಕು. ಹಳೆಯ ಬಗೆಯ ಚೀಸುಗಳನ್ನು ಕರುವಿನ ಹೊಟ್ಟೆಯಿಂದ ತೆಗೆದ ಹೆಪ್ಪಿನಿಂದ ಮಾಡುತ್ತಾರೆ ಎಂಬುದೂ ನಿಮ್ಮಲ್ಲಿ ಕಟ್ಟುನಿಟ್ಟಿನವರಿಗೆ ತಿಳಿದಿರಲಿ. ಹೋಟೆಲಿನ ಅಡುಗೆಮನೆ ಮಧ್ಯಾಹ್ನ ಹನ್ನೆರಡರಿಂದ ಎರಡರವರೆಗೆ ಮಾತ್ರ ತೆರೆದಿರುತ್ತದೆ. ಎರಡೂವರೆಗೆ ಹೋಗಿ ಹಸಿದಿದ್ದೇವೆಂದರೆ ಕಾಫಿ ಸಿಗುತ್ತದೆ, ಊಟ ಸಿಗುವುದಿಲ್ಲ. ಯಾವ ಅಂಗಡಿಗೆ ಕಾಲಿಟ್ಟರೂ ಮೊದಲು ಬೊಂಜೂರ್ ಎಂದು ನಮಸ್ಕರಿಸಿ ನಂತರ ಬೇಕಾದ್ದನ್ನು ಕೇಳಿ. ನಮಸ್ಕರಿಸದೆ ಕೇಳುವವರನ್ನು ಅವರು ಒರಟರೆಂದೇ ಭಾವಿಸುತ್ತಾರೆ.

ಹೀಗಾಗಿ ಒಂದು ಹೊತ್ತಾದರೂ ಮನೆಯಲ್ಲೇ ಅಡುಗೆ ಮಾಡಿಕೊಳ್ಳಿ. ಅಕ್ಕಿ, ಕಡಲೆ, ಮಸೂರು, ಬದನೆ, ಟೊಮ್ಯಾಟೊ, ಸಕ್ಕರೆಯಿಲ್ಲದ ಮೊಸರು ಅಲ್ಲಿನ ಅಂಗಡಿಗಳಲ್ಲೇ ಧಾರಾಳವಾಗಿ ಸಿಗುತ್ತವೆ. ಜೋಳದ ಹಿಟ್ಟು ಒಯ್ದು ಪ್ರಯೋಜನವಿಲ್ಲ, ಒಲೆಗಳು ಹೆಚ್ಚಾಗಿ ಕರೆಂಟಿನವು, ಉರಿಯಿಲ್ಲದ ಗಾಜಿನ ಮೇಲೆ ರೊಟ್ಟಿ ಉಬ್ಬುವುದಿಲ್ಲ. ಖಡಕ್ ರೊಟ್ಟಿಯನ್ನು ಬಿಗಿಯಾಗಿ ಕಟ್ಟಿ ಒಯ್ಯಿರಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಜೊತೆಗಿರಲಿ. ತುಪ್ಪ, ಪೇಡೆ, ಹಾಲಿನ ಯಾವ ಪದಾರ್ಥವನ್ನೂ ಪೆಟ್ಟಿಗೆಯಲ್ಲಿಡಬೇಡಿ. ಹೊರದೇಶದ ಪ್ರಯಾಣಿಕರು ಹಾಲು ಮತ್ತು ಮಾಂಸದ ಪದಾರ್ಥ ತರುವುದನ್ನು ಯುರೋಪಿನ ಒಕ್ಕೂಟ ನಿಷೇಧಿಸಿದೆ. ಹಸಿ ಕರಿಬೇವು, ಮಾವಿನಹಣ್ಣು ಕೂಡ ಪ್ರಮಾಣಪತ್ರವಿಲ್ಲದೆ ಒಯ್ಯುವಂತಿಲ್ಲ. ಮೇ ತಿಂಗಳಲ್ಲಿ ಮನೆಯವರು ಮಾವು ತುಂಬಿಕೊಟ್ಟೇ ಕೊಡುತ್ತಾರೆ, ಬೇಡವೆಂದು ಗಟ್ಟಿಯಾಗಿ ಹೇಳಿ.

ಗವಿಮಠದ ದಾರಿ, ಕೊಪ್ಪಳ

ಯಾರೂ ವೀಸಾ ಬಗ್ಗೆ ಹೇಳಿಲ್ಲವಾದ್ದರಿಂದ ಇದಿಷ್ಟು. ಬೇಕಾದದ್ದು ಯುರೋಪಿನ ಹಲವು ದೇಶಗಳಿಗೆ ಒಂದೇ ಆಗಿ ನಡೆಯುವ ಷೆಂಗೆನ್ ವೀಸಾ, ಬೆರಳಚ್ಚು ಕೊಡಲು ಬೆಂಗಳೂರಿಗೋ ಹೈದರಾಬಾದಿಗೋ ಖುದ್ದಾಗಿ ಹೋಗಬೇಕು. ಪ್ರಯಾಣಕ್ಕೆ ಆರು ತಿಂಗಳು ಮೊದಲಿನಿಂದ ಅರ್ಜಿ ಹಾಕಬಹುದು, ಕೊನೆಯ ಗಡುವು ಹದಿನೈದು ದಿನ ಮೊದಲು. ಮೇ ಪ್ರಯಾಣಕ್ಕೆ ಎಲ್ಲರೂ ಮಾರ್ಚ್, ಏಪ್ರಿಲಿನಲ್ಲಿ ಮುಗಿಬೀಳುವುದರಿಂದ ನೀವು ಜನವರಿಯಲ್ಲೇ ದಿನ ಕಾದಿರಿಸಿಕೊಳ್ಳಿ. 2024ರ ಜೂನ್‌ನಿಂದ ದೊಡ್ಡವರಿಗೆ ಶುಲ್ಕ 90 ಯೂರೊ, ಅರ್ಜಿ ಕೇಂದ್ರದ ಸೇವಾಶುಲ್ಕ ಬೇರೆ. ಕನಿಷ್ಠ 30,000 ಯೂರೊ ಮೊತ್ತದ ಪ್ರಯಾಣ ವಿಮೆ ಕಡ್ಡಾಯ. ಪಾಸ್‌ಪೋರ್ಟ್ ಕಳೆದ ಹತ್ತು ವರ್ಷದೊಳಗೆ ಕೊಟ್ಟದ್ದಾಗಿರಬೇಕು, ಮರಳುವ ದಿನದ ನಂತರವೂ ಮೂರು ತಿಂಗಳು ಚಾಲ್ತಿಯಲ್ಲಿರಬೇಕು. ನಿವೃತ್ತರಿಗೆ ಪಿಂಚಣಿ ಪತ್ರ, ಬ್ಯಾಂಕಿನ ಲೆಕ್ಕ, ಆದಾಯ ತೆರಿಗೆಯ ದಾಖಲೆ ಸಾಕಾಗುತ್ತವೆ.

ಗೆಳೆಯರು ಗುಂಪಾಗಿ ಹೋಗುವಾಗ ಒಂದು ಸಂಗತಿಯನ್ನು ಗಮನಿಸಬೇಕು. ಮನೆಯನ್ನು ಒಬ್ಬರೇ ಕಾದಿರಿಸಿದರೆ ರಸೀದಿಯಲ್ಲಿ ಅವರೊಬ್ಬರ ಹೆಸರಷ್ಟೇ ಬರುತ್ತದೆ, ಉಳಿದ ಮೂವರ ಅರ್ಜಿಯಲ್ಲಿ ವಸತಿಗೆ ಆಧಾರವೇ ಇಲ್ಲದಂತಾಗುತ್ತದೆ. ಮನೆಯ ಮಾಲೀಕರಿಗೆ ಮಿಂಚಂಚೆ ಬರೆದು, ನಾಲ್ವರ ಹೆಸರುಗಳೂ ಪಾಸ್‌ಪೋರ್ಟಿನಲ್ಲಿರುವ ಕಾಗುಣಿತದಲ್ಲೇ ಇರುವ ದೃಢೀಕರಣ ಪತ್ರವನ್ನು ತರಿಸಿಕೊಂಡು ಎಲ್ಲರ ಅರ್ಜಿಗೂ ಒಂದೊಂದು ಪ್ರತಿ ಲಗತ್ತಿಸಿ. ಕಾರು ಓಡಿಸುವವರು ಅಂತರರಾಷ್ಟ್ರೀಯ ಪರವಾನಗಿಯ ಕೆಲಸವನ್ನೂ ಕೊನೆಯವರೆಗೆ ಬಿಡದೆ ಮುಗಿಸಿಕೊಳ್ಳಲಿ.